ಕಾಲ ಕಳೆದರೆ ಕಳವು ಕಳೆದೀತೆ?

ದೂರದರ್ಶನದ ಧಾರಾವಾಹಿಯೊಂದು ಮುಗಿದ ಮೇಲೆ ಅದರಲ್ಲಿ ಬಳಸಿದ ಉಡುಪು, ಆಯುಧ, ಮಾದರಿ ಮತ್ತು ಸಂಭಾಷಣೆಯ ಪ್ರತಿಗಳು ಏನಾಗುತ್ತವೆ? ಬಹುಕಾಲದವರೆಗೆ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಕೇಳಲಿಲ್ಲ. ಕೆಲವು ಗುಜರಿಗೆ ಹೋದವು, ಕೆಲವು ಗೋದಾಮಿನ ಮೂಲೆ ಸೇರಿದವು. ಇನ್ನು ಕೆಲವನ್ನು ಯಾರೋ ಹೇಳದೆ ಕೇಳದೆ ಒಯ್ದರು. ಮೂವತ್ತು ನಲವತ್ತು ವರ್ಷಗಳ ಅನಂತರ ಅವೇ ವಸ್ತುಗಳು ಸ್ಮರಣಿಕೆಗಳೆಂಬ ಹೆಸರು ಹೊತ್ತು ಹರಾಜಿಗೆ ಬರುತ್ತಿವೆ. ಒಯ್ದವನು ಇಂದು ಬದುಕಿರಲಾರ, ವಸ್ತು ನಾಲ್ಕಾರು ಕೈ ದಾಟಿರಬಹುದು, ಈಗ ಮಾರುವವನಿಗೆ ಹಿಂದಿನ ಕಥೆ ಗೊತ್ತಿಲ್ಲದೆಯೂ ಇರಬಹುದು. ಹಾಗಿರುವಾಗ ಆ ಮಾರಾಟ ನ್ಯಾಯವೆ?

ಹೊರನೋಟಕ್ಕೆ ಇದು ಪರದೇಶದ ಸಂಗ್ರಾಹಕರ ಸಮಸ್ಯೆಯಂತೆ ಕಾಣುತ್ತದೆ. ಆದರೆ ಇದೇ ಪ್ರಶ್ನೆಯನ್ನು ಸುಮಾರು ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಬಿಡಿಸಲು ಯತ್ನಿಸಿದ ವಿದ್ವಾಂಸನೊಬ್ಬನಿದ್ದನು. ಆತನ ವಿವೇಚನೆಯು ಇಂದಿಗೂ ಉಪಯುಕ್ತವಾಗಿದೆ. ಓಲೆಗರಿ, ಶಾಸನ ಮತ್ತು ಹಳೆಯ ಕಡತಗಳೊಡನೆ ವ್ಯವಹರಿಸಬೇಕಾದ ಕನ್ನಡ ವಿದ್ಯಾರ್ಥಿಗಳಿಗಂತೂ ಅದು ತೀರ ಸಮೀಪದ್ದು.

ಎರಡು ನಿದರ್ಶನಗಳು

ಮೊದಲು ಇತ್ತೀಚಿನ ಎರಡು ಪ್ರಸಂಗಗಳನ್ನು ನೋಡೋಣ. ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಆರಂಭದಲ್ಲಿ ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆ ತೆರೆಯ ಮೇಲೆ ಸಾಗಿಬರುತ್ತದೆ. ಅದಕ್ಕೆ ಬಳಸಿದ ಸುಮಾರು ಮೂರು ಅಡಿಯ ಮಾದರಿಯನ್ನು ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿ ತಮ್ಮ ಬಳಿ ಇರಿಸಿಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಅದೇ ಕಥೆಯ ಚಲನಚಿತ್ರ ತಯಾರಾಗುವಾಗ ಅದನ್ನು ಎರವಲು ಕೊಟ್ಟರು. ಅದು ಹಿಂದಿರುಗಲಿಲ್ಲ. ರಾಡನ್‌ಬೆರಿ 1991ರಲ್ಲಿ ತೀರಿಕೊಂಡರು. 2023ರಲ್ಲಿ ಆ ಮಾದರಿ ಅಂತರಜಾಲದ ಮಾರಾಟಕಟ್ಟೆಯಲ್ಲಿ ಅಲ್ಪ ಬೆಲೆಗೆ ಕಾಣಿಸಿಕೊಂಡಿತು. ಅಭಿಮಾನಿಗಳು ಅದನ್ನು ಗುರುತಿಸಿದರು, ಮಾರಾಟ ನಿಂತಿತು. 2024ರ ಏಪ್ರಿಲ್‌ನಲ್ಲಿ ಡಲ್ಲಾಸ್‌ನ ಹರಾಜು ಸಂಸ್ಥೆಯಾದ ಹೆರಿಟೇಜ್ ಆಕ್ಷನ್ಸ್ ಅದನ್ನು ರಾಡನ್‌ಬೆರಿಯವರ ಮಗನಿಗೆ ಒಪ್ಪಿಸಿತು.

ಎರಡನೆಯದು 1939ರ ‘ದಿ ವಿಝರ್ಡ್ ಆಫ್ ಓಝ್’ ಚಲನಚಿತ್ರದ ಕೆಂಪು ಪಾದರಕ್ಷೆಗಳ ಪ್ರಸಂಗ. ಅವುಗಳ ಒಂದು ಜೊತೆ 2005ರಲ್ಲಿ ಮಿನೆಸೋಟದ ವಸ್ತುಸಂಗ್ರಹಾಲಯವೊಂದರಿಂದ ಕಳವಾಯಿತು. 2018ರಲ್ಲಿ ಪತ್ತೆಯಾಯಿತು. ಪ್ರದರ್ಶನಕ್ಕೆಂದು ಅದನ್ನು ಕೊಟ್ಟಿದ್ದ ಸಂಗ್ರಾಹಕರಿಗೆ ಮರಳಿ ಸೇರಿದ ಮೇಲೆ 2024ರ ಡಿಸೆಂಬರ್‌ನಲ್ಲಿ ಹರಾಜಿಗೆ ಬಂದು 2.8 ಕೋಟಿ ಡಾಲರ್‌ಗಳ ಕೂಗು ಪಡೆಯಿತು.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಪಾದರಕ್ಷೆಗಳು ಒಮ್ಮೆ ಕಳವಾಗಿದ್ದವು, ಆದರೂ ಅವುಗಳ ಮಾರಾಟದಲ್ಲಿ ದೋಷವಿಲ್ಲ. ಆಕಾಶನೌಕೆಯ ಮಾದರಿಯನ್ನು ಮಾರಲು ಇಟ್ಟವರು ಅದನ್ನು ಕದ್ದವರಲ್ಲದಿರಬಹುದು, ಆದರೂ ಆ ಮಾರಾಟದಲ್ಲಿ ದೋಷವಿತ್ತು. ದೋಷವು ವಸ್ತುವಿನಲ್ಲಿಯೂ ಇಲ್ಲ, ಮಾರುವವನ ಗುಣದಲ್ಲಿಯೂ ಇಲ್ಲ. ಅವನಿಗೂ ವಸ್ತುವಿಗೂ ಇರುವ ಸಂಬಂಧದಲ್ಲಿ ಇದೆ. ಆ ಸಂಬಂಧವನ್ನು ಕನ್ನಡವು ಒಡೆತನವೆಂದು ಕರೆಯುತ್ತದೆ. ‘ಒಡೆಯ’, ‘ಒಡವೆ’, ‘ಒಡೆತನ’ ಇವು ಒಂದೇ ಮೂಲದಿಂದ ಬಂದ ಪದಗಳು. ಒಡೆಯನಿಲ್ಲದೆ ಒಡವೆಯಿಲ್ಲವೆಂಬ ತಿಳಿವಳಿಕೆ ಪದದಲ್ಲಿಯೇ ಅಡಗಿದೆ.

ಆಗಮ ಮತ್ತು ಭೋಗ

ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲ 1076ರಿಂದ 1126. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯೂ ಆಗ ಆ ರಾಜ್ಯದೊಳಗಿತ್ತು. ಆತನ ರಾಜಧಾನಿ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದನು. ಆಸ್ತಿ ವಿಭಾಗದ ಸಂದರ್ಭದಲ್ಲಿ ಈ ಗ್ರಂಥದ ಹೆಸರು ಇಂದಿನ ನ್ಯಾಯಾಲಯಗಳಲ್ಲಿಯೂ ಕೇಳಿಬರುತ್ತದೆ. ಅದರ ವ್ಯವಹಾರಾಧ್ಯಾಯದಲ್ಲಿ ‘ಅಸ್ವಾಮಿವಿಕ್ರಯ’ವೆಂಬ ಪ್ರಕರಣವಿದೆ. ಒಡೆಯನಲ್ಲದವನು ಮಾಡುವ ಮಾರಾಟವೇ ಅಸ್ವಾಮಿವಿಕ್ರಯ.

ಅಲ್ಲಿಯ ವಿಧಿಗಳ ಸಾರಾಂಶ ಹೀಗಿದೆ. ತನ್ನ ವಸ್ತುವನ್ನು ಬೇರೊಬ್ಬನು ಮಾರಿದ್ದರೆ ಒಡೆಯನು ಅದನ್ನು ಮರಳಿ ಪಡೆಯಬಹುದು. ಗುಟ್ಟಾಗಿ ಕೊಂಡವನಿಗೆ ದೋಷ ತಟ್ಟುತ್ತದೆ. ಅಂಥ ವಸ್ತು ಇರಲಾರದವನಿಂದ, ಏಕಾಂತದಲ್ಲಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ಎಣಿಸಬೇಕು. ಕೊಂಡವನು ಮಾರಿದವನನ್ನು ತೋರಿಸಿಕೊಟ್ಟರೆ ಶುದ್ಧನಾಗುತ್ತಾನೆ. ಆಗ ಒಡೆಯನಿಗೆ ವಸ್ತು, ಅರಸನಿಗೆ ದಂಡ, ಕೊಂಡವನಿಗೆ ಮಾರಿದವನಿಂದ ತಾನು ಕೊಟ್ಟ ಬೆಲೆ ಸಲ್ಲುತ್ತವೆ. ಒಡೆಯನೆಂದು ಹೇಳಿಕೊಳ್ಳುವವನೂ ಬರಿಯ ಮಾತಿನಿಂದ ಗೆಲ್ಲಲಾರನು. ವಸ್ತು ತನ್ನದೆಂದು ಸಾಧಿಸಲಾರದೆ ಹೋದರೆ ಅದರ ಬೆಲೆಯ ಐದನೆಯ ಒಂದು ಭಾಗವನ್ನು ದಂಡ ತೆರಬೇಕು. ಕಳೆದುಹೋದ ಇಲ್ಲವೆ ಕಳವಾದ ತನ್ನ ವಸ್ತುವನ್ನು ಮತ್ತೊಬ್ಬನ ಕೈಯಿಂದ ಅರಸನಿಗೆ ತಿಳಿಸದೆ ತಾನಾಗಿಯೇ ತೆಗೆದುಕೊಂಡವನಿಗೂ ತೊಂಬತ್ತಾರು ಪಣಗಳ ದಂಡವಿದೆ. ನ್ಯಾಯವು ತೆರೆದ ಸ್ಥಳದಲ್ಲಿ, ಎಲ್ಲರೂ ಕಾಣುವಂತೆ ನಡೆಯಬೇಕೆಂಬುದು ಇದರ ತಾತ್ಪರ್ಯ.

ಈ ಚರ್ಚೆಯಲ್ಲಿ ಎರಡು ಪಾರಿಭಾಷಿಕ ಪದಗಳು ಮುಖ್ಯವಾಗುತ್ತವೆ. ವಸ್ತುವು ನಮ್ಮಲ್ಲಿಗೆ ಕ್ರಯ, ದಾನ, ಉತ್ತರಾಧಿಕಾರ ಮೊದಲಾದ ಯಾವ ದಾರಿಯಿಂದ ಬಂದಿತೆಂಬುದು ‘ಆಗಮ’. ಅದನ್ನು ನಾವು ಇಟ್ಟುಕೊಂಡು ಬಳಸುತ್ತಿರುವುದು ‘ಭೋಗ’. ಇವೆರಡರಲ್ಲಿ ಆಗಮವೇ ಬಲವತ್ತರವೆಂಬುದು ಸಾಮಾನ್ಯ ನಿಯಮ. ವಂಶಪರಂಪರೆಯಾಗಿ ಬಂದ ಭೋಗ ಮಾತ್ರ ಇದಕ್ಕೆ ಹೊರತು. ಇಂದಿನ ಹರಾಜು ಸಂಸ್ಥೆಗಳು ವಸ್ತುವಿನ ಪೂರ್ವಚರಿತ್ರೆಯ ಕಾಗದಪತ್ರಗಳನ್ನು ಕೇಳುವುದು ಈ ಆಗಮದ ವಿಚಾರಣೆಯೇ ಹೊರತು ಬೇರೆಯಲ್ಲ.

ಕಾಲ ಮತ್ತು ನೆನಪು

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ದಶಕಗಳು ಕಳೆದರೆ ಒಡೆತನವೂ ಕಳೆಯುವುದೆ? ಕಣ್ಣೆದುರಿಗೆ ಇತರನು ಅನುಭವಿಸುತ್ತಿದ್ದರೂ ಒಡೆಯನು ಸುಮ್ಮನಿದ್ದರೆ ಭೂಮಿಗೆ ಇಪ್ಪತ್ತು ವರ್ಷಗಳಲ್ಲಿ, ಇತರ ಧನಕ್ಕೆ ಹತ್ತು ವರ್ಷಗಳಲ್ಲಿ ‘ಹಾನಿ’ಯೆಂದು ಸ್ಮೃತಿ ಹೇಳುತ್ತದೆ. ಮೇಲ್ನೋಟಕ್ಕೆ ಇದು ಕಾಲವೇ ಒಡೆತನವನ್ನು ವರ್ಗಾಯಿಸುತ್ತದೆಂಬ ಮಾತಿನಂತೆ ತೋರುತ್ತದೆ. ವಿಜ್ಞಾನೇಶ್ವರನು ಇದನ್ನು ಒಪ್ಪುವುದಿಲ್ಲ. ಇಲ್ಲಿ ಹಾನಿಯಾಗುವುದು ವಸ್ತುವಿಗಲ್ಲ, ಆ ಅವಧಿಯ ಫಲಕ್ಕೆ ಮಾತ್ರವೆಂದು ಆತನು ಅರ್ಥೈಸುತ್ತಾನೆ. ಸುಮ್ಮನೆ ಕುಳಿತ ಒಡೆಯನು ಬೆಳೆಯನ್ನು ಕಳೆದುಕೊಂಡಾನು, ಹೊಲವನ್ನಲ್ಲ. ಅದಲ್ಲದೆ ಅಡವು, ಎಲ್ಲೆ, ನಿಕ್ಷೇಪ, ನಂಬಿ ಇಟ್ಟ ಒತ್ತೆ, ಬಾಲಕರ ಧನ ಮುಂತಾದವುಗಳಿಗೆ ಈ ಅವಧಿಯ ಮಾತೇ ಅನ್ವಯಿಸದೆಂದು ಸ್ಮೃತಿ ಹೇಳುತ್ತದೆ. ನಂಬಿಕೆಯಿಂದ ಕೊಟ್ಟದ್ದಕ್ಕೂ ಕೇಳಲು ಬಲವಿಲ್ಲದವರದ್ದಕ್ಕೂ ಇಲ್ಲಿ ವಿಶೇಷ ರಕ್ಷಣೆಯಿದೆ. ನಿಕ್ಷೇಪದ ನಿಯಮಗಳನ್ನೇ ಎರವಲು ಒಯ್ದ ವಸ್ತುವಿಗೂ ಅನ್ವಯಿಸಬೇಕೆಂದು ಅದೇ ಗ್ರಂಥದ ಮತ್ತೊಂದು ಪ್ರಕರಣ ತಿಳಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಎರವಲು ಹೋದ ಆಕಾಶನೌಕೆ ನಾಲ್ಕು ದಶಕಗಳ ಮೇಲೆ ಒಡೆಯನ ಮಗನಿಗೆ ಸೇರಿದ್ದು ಸರಿಯೆಂದೇ ಕಲ್ಯಾಣದ ಪಂಡಿತನೂ ಹೇಳುತ್ತಿದ್ದನು.

ಇನ್ನೂ ದೀರ್ಘವಾದ ಕಾಲದ ಮಾತೇನು? ಮೂರು ತಲೆಮಾರು ದಾಟಿದ, ಮನುಷ್ಯರ ನೆನಪಿಗೆ ನಿಲುಕದ ಭೋಗವಿದ್ದರೆ ಆಗಮವೂ ಇದ್ದಿರಬೇಕೆಂದು ಊಹಿಸಬಹುದು. ಏಕೆಂದರೆ ಅಷ್ಟು ಹಿಂದೆ ಆಗಮವಿರಲಿಲ್ಲವೆಂದು ತೋರಿಸಲು ಯಾರಿಂದಲೂ ಆಗದು. ಇಲ್ಲಿ ವಿಜ್ಞಾನೇಶ್ವರನು ಸೇರಿಸುವ ಒಂದು ನಿಬಂಧನೆಯು ಈ ಪಾಠದ ತಿರುಳಾಗಿದೆ. ವಸ್ತುವಿಗೆ ನ್ಯಾಯವಾದ ಆಗಮವಿಲ್ಲವೆಂಬ ನೆನಪು ಪರಂಪರೆಯಾಗಿ ಉಳಿದುಬಂದಿದ್ದರೆ, ಭೋಗ ಎಷ್ಟೇ ದೀರ್ಘವಾಗಿರಲಿ, ಅದು ಪ್ರಮಾಣವಾಗದು. ನೂರಾರು ವರ್ಷ ಅನುಭವಿಸಿದರೂ ಆಗಮವಿಲ್ಲದವನು ಕಳ್ಳನಂತೆಯೇ ದಂಡಾರ್ಹನೆಂಬ ಸ್ಮೃತಿವಾಕ್ಯದ ಆಧಾರವೂ ಅವನಿಗಿದೆ.

ಹೀಗಾಗಿ ಕಳವನ್ನು ಅಳಿಸುವುದು ಕಾಲವಲ್ಲ, ಮರೆವು. ನೆನಪು ಇರುವವರೆಗೆ ಕಳವು ಕಳವಾಗಿಯೇ ಉಳಿಯುತ್ತದೆ. ಶಾಸನಗಳ ಕೊನೆಯ ಶಾಪಾಶಯದ ಶ್ಲೋಕವನ್ನು ನೀವು ತರಗತಿಯಲ್ಲಿ ಓದಿರುವಿರಿ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನಿಗೆ ಅಲ್ಲಿ ವಿಧಿಸಿರುವುದು ಅರುವತ್ತು ಸಾವಿರ ವರ್ಷಗಳ ಹುಳುವಿನ ಜನ್ಮ. ಇದನ್ನು ಕೇವಲ ಬೆದರಿಕೆಯೆಂದು ಓದಿ ಬಿಡಬಾರದು. ದಾನದ ವಿವರ, ಎಲ್ಲೆ, ಸಾಕ್ಷಿಗಳ ಹೆಸರುಗಳೊಡನೆ ಅದನ್ನು ಕಲ್ಲಿಗೆ ಏರಿಸಿದ್ದು ಯಾರೂ ಮರೆಯದಿರಲಿ ಎಂದು.

ಇಂದಿನ ಕಾನೂನು

ಪ್ರಚಲಿತ ಕಾನೂನಿನ ಹಾದಿಯೂ ಬಹುಮಟ್ಟಿಗೆ ಇದೇ. 1930ರ ಸರಕು ಮಾರಾಟ ಅಧಿನಿಯಮದಂತೆ, ಕೆಲವು ಅಪವಾದಗಳನ್ನು ಬಿಟ್ಟರೆ, ಮಾರುವವನಿಗೆ ಇದ್ದುದಕ್ಕಿಂತ ಹೆಚ್ಚಿನ ಹಕ್ಕು ಕೊಳ್ಳುವವನಿಗೆ ದೊರೆಯದು. ಕಳವಾದ ವಸ್ತುವು ಎಷ್ಟು ಕೈ ಬದಲಾದರೂ, ನ್ಯಾಯವಾದ ಹಕ್ಕುಳ್ಳವನ ವಶಕ್ಕೆ ಬರುವವರೆಗೆ ಕಳವಿನ ವಸ್ತುವೇ ಎಂದು ಭಾರತೀಯ ದಂಡ ಸಂಹಿತೆ ಹೇಳಿತ್ತು. 2023ರ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. 1963ರ ಕಾಲಪರಿಮಿತಿ ಅಧಿನಿಯಮವು ಕಳವಾದ ಚರವಸ್ತುವಿಗಾಗಿ ದಾವೆ ಹೂಡಲು ಮೂರು ವರ್ಷಗಳ ಅವಧಿಯನ್ನು ಕೊಡುತ್ತದೆ. ಆದರೆ ಆ ಎಣಿಕೆ ಕಳವಾದ ದಿನದಿಂದ ಆರಂಭವಾಗುವುದಿಲ್ಲ, ವಸ್ತು ಯಾರ ಬಳಿ ಇದೆಯೆಂಬುದು ಒಡೆಯನಿಗೆ ಮೊದಲು ತಿಳಿದ ದಿನದಿಂದ ಆರಂಭವಾಗುತ್ತದೆ. ಇಲ್ಲಿಯೂ ಅರಿವಿಗೇ ಪ್ರಾಧಾನ್ಯ.

ಕಾನೂನು ಎಲ್ಲವನ್ನೂ ಬಿಡಿಸುವುದೂ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗವನ್ನು ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡನಿಗೆ ಕೊಡಲಾಯಿತು. ಅದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡುಗಳಿಗೆ ಮಾರಾಟವಾಯಿತು. ಅಲ್ಲಿ ಯಾವುದೂ ಗುಟ್ಟಾಗಿರಲಿಲ್ಲ. ವಸ್ತು ಎಲ್ಲಿಂದ ಬಂದಿತೆಂಬುದೇ ಅದರ ಬೆಲೆಗೆ ಕಾರಣವಾಗಿತ್ತು. ಯುದ್ಧದಲ್ಲಿ ಗೆದ್ದದ್ದನ್ನು ಕ್ಷತ್ರಿಯನ ನ್ಯಾಯವಾದ ಆಗಮವೆಂದು ನಮ್ಮ ಧರ್ಮಶಾಸ್ತ್ರವೂ ಒಪ್ಪಿತ್ತೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಇಂದಿನ ಮನಸ್ಸು ಅದನ್ನು ಒಪ್ಪಲು ಹಿಂಜರಿಯುತ್ತದೆ. ಶಾಸ್ತ್ರವೂ ಕಾನೂನೂ ನಿಂತಲ್ಲಿಂದ ನೀತಿಯ ಪ್ರಶ್ನೆ ಮುಂದುವರಿಯುವುದಕ್ಕೆ ಇದು ಒಂದು ಉದಾಹರಣೆ.

ಶರಣರ ಅಳತೆ

ನೀತಿಯ ಮಾತಿಗೆ ಬಂದರೆ, ವಿಜ್ಞಾನೇಶ್ವರನ ತರುವಾಯ ಅದೇ ಕಲ್ಯಾಣದಲ್ಲಿ ಇನ್ನೂ ಕಠಿಣವಾದ ಅಳತೆಗೋಲೊಂದು ರೂಪುಗೊಂಡಿತು. ಬಸವಣ್ಣನವರ ಪ್ರಸಿದ್ಧ ವಚನವೊಂದರ ನಿಷೇಧಗಳ ಸಾಲಿನಲ್ಲಿ ಮೊದಲನೆಯದು ಕಳವು. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಕೈಯಿಂದ ಮುಟ್ಟಿ ಎತ್ತುವುದಿಲ್ಲವೆಂದು ಸತ್ಯಕ್ಕ ಆಣೆಯಿಡುತ್ತಾಳೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮ ಹೇಳುತ್ತಾಳೆ. ಆ ಅಕ್ಕಿ ಕಳವಿನದಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಅಗತ್ಯವನ್ನು ಮೀರಿದ ಕೂಡಲೆ ಅದು ಪರರ ಪಾಲೆಂಬುದು ಆಕೆಯ ವಿವೇಕ. ‘ನಾನು ಕದ್ದಿಲ್ಲ, ನನಗೆ ಸಿಕ್ಕಿತು’ ಎಂಬ ಸಮಾಧಾನವು ಶರಣರ ಮುಂದೆ ನಿಲ್ಲಲಾರದು.

ಕಾಪಾಡಿದವನ ಹಕ್ಕು

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಒಡೆಯನೇ ಅಲಕ್ಷ್ಯದಿಂದ ಹಾಳುಮಾಡುತ್ತಿದ್ದ ವಸ್ತುವನ್ನು ಒಬ್ಬನು ಒಯ್ದು ಉಳಿಸಿದ್ದರೆ ಅವನನ್ನು ಕಳ್ಳನೆನ್ನಬಹುದೆ? ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1960 ಮತ್ತು 1970ರ ದಶಕಗಳಲ್ಲಿ ತನ್ನ ಅನೇಕ ಕಾರ್ಯಕ್ರಮಗಳ ಮುದ್ರಿಕೆಗಳನ್ನು ಅಳಿಸಿತು, ಎಸೆಯಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಕಳೆದುಹೋದ ಕೆಲವು ಕಂತುಗಳು ಮರಳಿ ದೊರೆತದ್ದು ಖಾಸಗಿ ಸಂಗ್ರಾಹಕರ ಬಳಿ ಉಳಿದ ಪ್ರತಿಗಳಿಂದ. ನಮ್ಮಲ್ಲಿಯೂ ಓಲೆಗರಿಯ ಕಟ್ಟುಗಳು ಹೊಳೆಯ ಪಾಲಾದುದುಂಟು, ಒಲೆಯ ಪಾಲಾದುದುಂಟು. ಅವುಗಳಿಂದ ಒಂದನ್ನು ಎತ್ತಿ ಉಳಿಸಿದವನಿಗೆ ಸಾಹಿತ್ಯವೇ ಋಣಿ.

ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸಬೇಕು. ಒಡೆಯನು ತಿಳಿದು ಎಸೆದದ್ದನ್ನು ಎತ್ತಿಕೊಳ್ಳುವುದು ಕಳವಲ್ಲ. ಒಡೆಯನಿಗೆ ತಿಳಿಯದಂತೆ ಒಯ್ದದ್ದು, ವಸ್ತು ಉಳಿಯಿತೆಂಬ ಕಾರಣಕ್ಕಾಗಿ ಒಯ್ದವನದಾಗದು. ಕಾಪಾಡಿದವನಿಗೆ ಕೃತಜ್ಞತೆ ಸಲ್ಲಬೇಕು, ಅವನು ಮಾಡಿದ ವೆಚ್ಚವೂ ಸಲ್ಲಬಹುದು. ಮಾರುವ ಅಧಿಕಾರ ಮಾತ್ರ ಸಲ್ಲದು. ಅವನು ವಸ್ತುವನ್ನು ಮುಚ್ಚಿಟ್ಟನೆ, ತೆರೆದಿಟ್ಟನೆ ಎಂಬುದರಿಂದ ಅವನ ಉದ್ದೇಶವನ್ನು ಅಳೆಯಬಹುದು. ಕಾಪಾಡುವವನು ಹೇಳಿಕೊಳ್ಳುತ್ತಾನೆ, ಕದ್ದವನು ಬಚ್ಚಿಡುತ್ತಾನೆ.

ಇದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಆದರ್ಶವಿದೆ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ವಚನಗಳ ಓಲೆಪ್ರತಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯವನ್ನು ನಡೆಸಲು ತಮ್ಮ ಸ್ವಂತ ಮನೆಯನ್ನೇ ಮಾರಿದರು. ಪರರ ವಸ್ತುವನ್ನು ಲೋಕಕ್ಕೆ ತಲುಪಿಸಲು ತನ್ನದನ್ನು ಮಾರುವುದು ಒಂದು ದಾರಿ. ಪರರ ವಸ್ತುವನ್ನು ಮಾರಿ ತನ್ನದನ್ನು ಹೆಚ್ಚಿಸಿಕೊಳ್ಳುವುದು ಅದಕ್ಕೆ ವಿರುದ್ಧವಾದ ದಾರಿ.

ನಮ್ಮ ಕೆಲಸ

ಕುಪ್ಪಳಿಯ ಕವಿಮನೆಯಲ್ಲಿ 2015ರ ನವೆಂಬರ್‌ನಲ್ಲಿ ಕಳವಾಯಿತು. ಕುವೆಂಪು ಅವರಿಗೆ ಸಂದ ಪದ್ಮ ಪ್ರಶಸ್ತಿಯ ಪದಕಗಳನ್ನು ಕಳ್ಳರು ಒಯ್ದರು. ಇಡೀ ನಾಡು ಅದನ್ನು ಬಲ್ಲದು, ಪತ್ರಿಕೆಗಳು ದಾಖಲಿಸಿದವು. ಅಂಥ ಪದಕವೊಂದು ಎಷ್ಟು ವರ್ಷಗಳ ಮೇಲೆ ಯಾವ ಪೇಟೆಗೆ ಬಂದರೂ ಅದು ಯಾರದೆಂಬುದು ಗೊತ್ತಾಗುತ್ತದೆ. ಆದರೆ ಹೆಸರಿಲ್ಲದ ಮನೆಯ ಹೆಸರಿಲ್ಲದ ಓಲೆಕಟ್ಟು ಕಳವಾದರೆ ಯಾವ ಪತ್ರಿಕೆಯೂ ಬರೆಯದು. ದಾಖಲೆಯಿಲ್ಲದ ವಸ್ತುವಿಗೆ ನೆನಪಿನ ಪರಂಪರೆಯಿಲ್ಲ. ನೆನಪಿನ ಪರಂಪರೆಯಿಲ್ಲದಿದ್ದರೆ ಕಳ್ಳನ ಭೋಗವೇ ಆಗಮವೆನಿಸಿಬಿಡುತ್ತದೆ.

ಗಡಿನಾಡಿನ ನಮಗೆ ಈ ಅಪಾಯ ಹೆಚ್ಚು. ಸಿದ್ಧರಾಮನ ಸೊನ್ನಲಿಗೆಯಾದ ಈ ಸೀಮೆಯ ಕಲ್ಲುಗಳಲ್ಲಿ ಕನ್ನಡವಿದೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ್ದರಿಂದ ಆ ಕಲ್ಲುಗಳಿಗೆ ಪಾಠವೂ ವಿಳಾಸವೂ ದೊರೆತಿವೆ. ಮನೆಗಳಲ್ಲಿರುವ ಕಾಗದ ಮತ್ತು ಓಲೆಗಳಿಗೆ ಅಂಥ ವಿಳಾಸ ಇನ್ನೂ ಬೇಕಾಗಿದೆ. ಕನ್ನಡ ಓದಲು ಬಾರದ ತಲೆಮಾರು ಬಂದ ಮನೆಯಲ್ಲಿ ಅಜ್ಜನ ಓಲೆಕಟ್ಟು ಬರಿಯ ಹಳೆಯ ಸಾಮಾನು. ಹಳೆಯ ಸಾಮಾನು ಕೊಳ್ಳುವವನು ಬಾಗಿಲಿಗೆ ಬಂದಾಗ ಅದು ಹಿತ್ತಾಳೆಯ ಕೊಡದೊಡನೆ ಹೋಗಿಬಿಡುತ್ತದೆ. ನೂರು ವರ್ಷ ಮೀರಿದ ಪುರಾವಸ್ತುಗಳಿಗೂ, ಎಪ್ಪತ್ತೈದು ವರ್ಷ ಮೀರಿದ ಮಹತ್ತ್ವದ ಹಸ್ತಪ್ರತಿಗಳಿಗೂ 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ ಅನ್ವಯಿಸುತ್ತದೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಇದನ್ನು ಮನೆಯವರಿಗೆ ತಿಳಿಸಬಲ್ಲವರು ಊರಿನ ಕನ್ನಡ ವಿದ್ಯಾರ್ಥಿಗಳೇ.

ಕ್ಷೇತ್ರಕಾರ್ಯಕ್ಕೆ ಹೋಗುವಾಗ ಈ ಕ್ರಮವನ್ನು ಪಾಲಿಸಬೇಕು. ಹಸ್ತಪ್ರತಿ ಇರುವ ಮನೆಯಲ್ಲಿಯೇ ಅದರ ಛಾಯಾಚಿತ್ರ ತೆಗೆಯಿರಿ, ಮೂಲವನ್ನು ಕೇಳಬೇಡಿ. ಗರಿಗಳ ಸಂಖ್ಯೆ, ಅಳತೆ, ಆದಿ ಅಂತ್ಯದ ಸಾಲುಗಳು, ಲಿಪಿಕಾರನ ಹೆಸರು, ಮನೆಗೆ ಬಂದ ಬಗೆ ಇವನ್ನು ಬರೆದುಕೊಂಡು ಒಂದು ಪ್ರತಿಯನ್ನು ಮನೆಯವರಿಗೂ ಕೊಡಿ. ಅನಿವಾರ್ಯವಾಗಿ ಮೂಲವನ್ನು ತರಬೇಕಾದರೆ ದಿನಾಂಕ ಹಾಕಿ ರಸೀದಿ ಕೊಟ್ಟು ಹೇಳಿದ ದಿನ ಹಿಂದಿರುಗಿಸಿ. ಕನ್ನಡದಲ್ಲಿ ಸಾಲಕ್ಕೂ ಎರವಲಿಗೂ ವ್ಯತ್ಯಾಸವಿದೆ. ಸಾಲದ ಹಣಕ್ಕೆ ಬೇರೆ ಹಣ ಕೊಡಬಹುದು, ಎರವಲಿಗೆ ಅದೇ ವಸ್ತುವನ್ನು ಕೊಡಬೇಕು. ‘ಎರವಾಗು’ ಎಂಬ ಮಾತಿಗೆ ವಂಚಿತವಾಗು ಎಂಬ ಅರ್ಥವೂ ಇದೆ. ವಿದ್ವಾಂಸನ ಮನೆಯಲ್ಲಿ ಉಳಿದುಹೋದ ಎರವಲು ಹಸ್ತಪ್ರತಿಯನ್ನು ಅವನ ಮಕ್ಕಳು ತಂದೆಯ ಆಸ್ತಿಯೆಂದು ತಿಳಿದು ಮಾರಿದರೆ, ತಪ್ಪಿನ ಮೊದಲ ಪಾಲು ರಸೀದಿ ಬರೆಯದ ವಿದ್ವಾಂಸನದು.

ಕಳವಿನ ವಸ್ತುವನ್ನು ದಶಕಗಳ ಮೇಲೆ ಮಾರಬಹುದೆ ಎಂಬ ಪ್ರಶ್ನೆಗೆ, ಒಡೆಯನಿಗೆ ಇಲ್ಲವೆ ಅವನ ವಾರಸುದಾರರಿಗೆ ಹಿಂದಿರುಗುವವರೆಗೆ ಮಾರಬಾರದೆಂಬುದೇ ಉತ್ತರ. ತಿಳಿಯದೆ ಕೊಂಡವನು ತನಗೆ ಮಾರಿದವನನ್ನು ತೋರಿಸಿ ತನ್ನ ಹಣವನ್ನು ಕೇಳಲಿ. ತಿಳಿಯದೆ ಪಡೆದ ಮಕ್ಕಳಿಗೆ ಕಳವಿನ ಕಳಂಕವಿಲ್ಲ, ಆದರೆ ತಿಳಿದ ದಿನದಿಂದ ಹಿಂದಿರುಗಿಸುವ ಹೊಣೆಯಿದೆ. ಕಾಲವು ಆ ಹೊಣೆಯನ್ನು ಒಬ್ಬರಿಂದ ಮತ್ತೊಬ್ಬರಿಗೆ ದಾಟಿಸುತ್ತದೆ, ಇಲ್ಲವಾಗಿಸುವುದಿಲ್ಲ. ಆ ಹೊಣೆ ಯಾರದೆಂದು ಮುಂದಿನವರು ಗುರುತಿಸಬೇಕಾದರೆ ಇಂದು ಯಾರಾದರೂ ಬರೆದಿಡಬೇಕು.

ಅಭ್ಯಾಸಕ್ಕೆ

1. ‘ಆಗಮ’, ‘ಭೋಗ’ ಎಂಬ ಪರಿಭಾಷೆಗಳನ್ನು ನಿಮ್ಮ ಮನೆಯ ಒಂದು ಹಳೆಯ ವಸ್ತುವಿಗೆ ಅನ್ವಯಿಸಿ ಬರೆಯಿರಿ.
2. ಒಡೆಯನಿಗೆ ಆಗುವ ‘ಹಾನಿ’ಯನ್ನು ಫಲಕ್ಕೆ ಸೀಮಿತಗೊಳಿಸಿದ ವಿಜ್ಞಾನೇಶ್ವರನ ವ್ಯಾಖ್ಯಾನವನ್ನು ವಿಮರ್ಶಿಸಿರಿ.
3. ಲಕ್ಕಮ್ಮನ ನಿಲುವೂ ಸ್ಮೃತಿಯ ನಿಲುವೂ ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ?
4. ನಿಮ್ಮ ಊರಿನ ಒಂದು ಹಸ್ತಪ್ರತಿ, ಶಾಸನ ಇಲ್ಲವೆ ವೀರಗಲ್ಲಿನ ವಿವರಗಳನ್ನು ಮೇಲಿನ ಕ್ರಮದಂತೆ ದಾಖಲಿಸಿ ವಿಭಾಗಕ್ಕೆ ಒಪ್ಪಿಸಿರಿ.